ಗಿಡ ಬದಲಾಯಿಸಿಕೊಳ್ಳುವ ಮೇಜು ಮುಚ್ಚಬೇಕಾ, ನಡೆಸಬೇಕಾ? ನಮ್ಮಲ್ಲಿ ಎರಡು ಪಾರ್ಟಿ ಆಗಿದೆ

ಗೋಡೆಪಕ್ಕದ ಮಡಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮ ಕಟ್ಟಡದ ಹಿಂದೆ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಒಂದು ಪಟ್ಟಿ ಜಾಗ ಇದೆ. ಮೊದಲು ಅಲ್ಲಿ ಒಡೆದ ಟೈಲ್ಸು, ಕಿತ್ತು ಹಾಕಿದ ಬಾಗಿಲು ಬಿದ್ದಿರುತ್ತಿದ್ದವು. ಈಗ ಮನೆಗೊಂದು ಮಡಿ ಅಂತ ಹಂಚಿಕೊಂಡಿದ್ದೇವೆ. ಮೆಣಸಿನಗಿಡ, ಬದನೆ, ಬಸಳೆ, ಒಂದಿಷ್ಟು ಹೂಗಿಡ. ನೀರಿನ ಪಾಳಿ, ಗೊಬ್ಬರದ ಗುಂಡಿ ಎಲ್ಲ ಹೇಗೋ ನಡೆದುಕೊಂಡು ಹೋಗುತ್ತಿದೆ. (ಪೈಪು ಸುತ್ತಿಡದೆ ಹೋಗುವವರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.)

ತಲೆನೋವು ಇರುವುದು ಮೇಜಿನದ್ದು. ಮೆಟ್ಟಿಲ ಕೆಳಗೆ ಒಂದು ಹಳೇ ಮೇಜು ಇದೆ. ಹೆಚ್ಚಾದ ಸಸಿ, ಕಡ್ಡಿ, ಬೀಜ ಅಲ್ಲಿ ಇಡುವುದು, ಬೇಕಾದವರು ಒಯ್ಯುವುದು. ಇಷ್ಟೇ ವ್ಯವಸ್ಥೆ. ಆದರೆ ಕೆಲವರು ಬರೀ ಒಯ್ಯುತ್ತಾರೆ, ಏನೂ ಇಡುವುದಿಲ್ಲ ಅಂತ ಗೊಣಗಾಟ ಶುರುವಾಯಿತು. ಸಭೆ ಸೇರಿ 'ಒಂದು ಇಟ್ಟು ಒಂದು ಒಯ್ಯಿರಿ' ಅಂತ ಬೋರ್ಡು ಹಾಕಿದರು. ಗೊಣಗಾಟ ನಿಂತಿತು. ಮೇಜೂ ತುಂಬಿತು.

ಆಮೇಲೆ ಬಂತು ನೋಡಿ ಒಂದು ದಾಸವಾಳದ ಕುಂಡ. ಮೊಗ್ಗು ಇತ್ತು, ನೋಡೋಕೆ ಚೆನ್ನಾಗಿಯೇ ಇತ್ತು. ಯಾರು ಇಟ್ಟರೋ ಗೊತ್ತಿಲ್ಲ. ಕೆಳಗಿನ ಮನೆ ಅಜ್ಜ ಅದನ್ನು ಒಯ್ದು ತಮ್ಮ ಮಡಿಯ ಪಕ್ಕ ಇಟ್ಟುಕೊಂಡರು. ಕೆಲವು ವಾರ ಕಳೆಯುವಷ್ಟರಲ್ಲಿ ಗಿಣ್ಣುಗಳಲ್ಲಿ ಬಿಳಿ ಹತ್ತಿ ಅಂಟಿಸಿದ ಹಾಗೆ ಕಂಡಿತು. ಆಮೇಲೆ ಅವರ ಮೆಣಸಿನಗಿಡಕ್ಕೆ, ಅಲ್ಲಿಂದ ಪಕ್ಕದ ಮಡಿಯ ಬದನೆಗೆ. ಇರುವೆಗಳು ಸಾಲು ಹಿಡಿದು ಗಿಡ ಹತ್ತಿ ಇಳಿಯುತ್ತಿವೆ. ಎಲೆಯೆಲ್ಲ ಅಂಟು ಅಂಟು.

ಈಗ ಒಂದು ಪಾರ್ಟಿ ಹೇಳುವುದು, ಮೇಜು ತೆಗೆಯಿರಿ, ಗಿಡ ಬೇಕಾದವರು ನರ್ಸರಿಯಿಂದ ತರಲಿ. ಇನ್ನೊಂದು ಪಾರ್ಟಿ ಹೇಳುವುದು, ಮೇಜು ಇಲ್ಲದಿದ್ದರೆ ಈ ತೋಟವೇ ಆಗುತ್ತಿರಲಿಲ್ಲ. ದಾಸವಾಳ ಇಟ್ಟವರು ಯಾರು ಅಂತ ಕಳ್ಳತನದ ಕೇಸಿನ ಹಾಗೆ ವಿಚಾರಣೆ ಬೇರೆ ನಡೆಯುತ್ತಿದೆ. ಮೂರನೇ ಮಹಡಿಯ ಒಬ್ಬ ಆಂಟಿ ಇದ್ದಾರೆ, ನಮ್ಮ ಅರ್ಧಕ್ಕರ್ಧ ಗಿಡ ಅವರು ಕೊಟ್ಟ ಕಡ್ಡಿಯಿಂದಲೇ ಬಂದಿದ್ದು. ಎಲ್ಲರೂ ತನ್ನನ್ನೇ ನೋಡುತ್ತಾರೆ ಅಂತ ಅವರು ಕೆಳಗೆ ಬರುವುದನ್ನೇ ಬಿಟ್ಟಿದ್ದಾರೆ.

ನನಗೆ ಮೇಜು ಉಳಿಸಬೇಕು ಅಂತ ಆಸೆ. ಬಂದ ಗಿಡ ಸರಿಯಿದೆಯೋ ಇಲ್ಲವೋ ನೋಡಿ ತಿಳಿಯುವ ದಾರಿ ಇದೆಯಾ? ಎಷ್ಟು ದಿನ ಬೇರೆ ಇಡಬೇಕು? ಬೇರೆ ಕಡೆ ಇಂಥ ಮೇಜು ನಡೆಸಿದವರು ಇದ್ದರೆ ಹೇಗೆ ನಿಭಾಯಿಸುತ್ತೀರಿ ಹೇಳಿ.

ಬಾಲ್ಕನಿ ಬಳ್ಳಿ:

ಮೊದಲು ಗಿಡ ನೋಡಿ, ಪಂಚಾಯಿತಿ ಆಮೇಲೆ ಮಾಡಬಹುದು.

ನೀವು ಹೇಳಿದ್ದು ಹಿಟ್ಟು ತಿಗಣೆ. ಆ ಹತ್ತಿಯಂಥದ್ದು ಮೊಟ್ಟೆಯ ಚೀಲ, ಒಂದೊಂದರಲ್ಲಿ ನೂರಾರು ಮೊಟ್ಟೆ ಇರುತ್ತವೆ. ತಿಗಣೆಯ ಮೈಮೇಲೆ ಮೇಣ ಇರುವುದರಿಂದ ಬರೀ ನೀರು ಹೊಡೆದರೆ ಅದಕ್ಕೆ ಅಂಟುವುದೇ ಇಲ್ಲ. ಜಾಸ್ತಿ ಮುತ್ತಿಕೊಂಡ ರೆಂಬೆಗಳನ್ನು ಕತ್ತರಿಸಿ ಕವರಿಗೆ ಹಾಕಿ, ಬಾಯಿ ಕಟ್ಟಿ ಕಸಕ್ಕೆ ಕೊಡಿ. ಉಳಿದ ಕಡೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಗಿಣ್ಣು ಗಿಣ್ಣು ಒರೆಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ 70 ಪರ್ಸೆಂಟ್ ಐಸೊಪ್ರೊಪೈಲ್ ಸಾಕು. ಮೊದಲು ಒಂದೇ ಎಲೆಗೆ ಹಚ್ಚಿ ಒಂದು ದಿನ ನೋಡಿ, ಕೆಲವು ಗಿಡದ ಎಲೆ ಸುಡುತ್ತದೆ.

ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಮೆದು ಸೋಪಿನ ದ್ರಾವಣ. ಬೇಕಿದ್ದರೆ ಅಷ್ಟೇ ಬೇವಿನೆಣ್ಣೆಯನ್ನೂ ಸೇರಿಸಬಹುದು. ಸಂಜೆ ಹೊತ್ತು ಎಲೆಯ ಅಡಿಗೆ, ಸಂದುಗೊಂದಿಗೆ ಸಿಗುವ ಹಾಗೆ ಹೊಡೆಯಿರಿ. ಒಂದು ಸಲ ಹೊಡೆದು ಸುಮ್ಮನಾದರೆ ಏನೂ ಆಗುವುದಿಲ್ಲ. ಮೊಟ್ಟೆಗೆ ಇದು ತಾಗುವುದಿಲ್ಲ, ಹಾಗಾಗಿ ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಬೇಕು.

ಇರುವೆಯನ್ನು ಬಿಟ್ಟರೆ ಎಲ್ಲ ವ್ಯರ್ಥ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆ ಬರುತ್ತದೆ, ಬಂದು ತಿಗಣೆಯ ಶತ್ರುಗಳನ್ನು ಓಡಿಸುತ್ತದೆ. ಕುಂಡವಾದರೆ ನೀರು ತುಂಬಿದ ತಟ್ಟೆಯ ನಡುವೆ ಒಂದು ಇಟ್ಟಿಗೆ ಇಟ್ಟು ಅದರ ಮೇಲೆ ಕುಂಡ ಇಡಿ.

ಇನ್ನೊಂದು ವಿಷಯ. ಹಿಟ್ಟು ತಿಗಣೆಯ ಹಾಗೆಯೇ ಬಿಳಿ ಜುಂಗು ಜುಂಗಾಗಿ ಕಾಣುವ, ಆದರೆ ಅದಕ್ಕಿಂತ ದೊಡ್ಡದಾದ, ಚುರುಕಾಗಿ ಓಡಾಡುವ ಹುಳು ಕಂಡರೆ ಕೊಲ್ಲಬೇಡಿ. ಅದು ಒಂದು ಜಾತಿಯ ಗುಲಗಂಜಿ ಹುಳುವಿನ ಮರಿ, ತಿಗಣೆಯನ್ನು ತಿಂದು ಮುಗಿಸುವುದೇ ಅದರ ಕೆಲಸ. ತುಂಬಾ ಜನ ಅದನ್ನೇ ಮೊದಲು ಒರೆಸಿ ಹಾಕುತ್ತಾರೆ.

ಹಳೇ ಕುಂಡ:

ಗೋಡೆಪಕ್ಕದ ಮಡಿ ಅವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ತಿಗಣೆಯನ್ನು ಕರೆತಂದದ್ದು ನಿಮ್ಮ ಬೋರ್ಡು.

ಸ್ವಲ್ಪ ಯೋಚಿಸಿ. ಸಂಜೆ ಒಬ್ಬರು ಕೆಳಗೆ ಬರುತ್ತಾರೆ. ಮೇಜಿನ ಮೇಲೆ ಒಳ್ಳೆ ಕನಕಾಂಬರದ ಸಸಿ ಕಾಣುತ್ತದೆ. ಬೇಕು ಅನ್ನಿಸುತ್ತದೆ. ಆದರೆ ಒಂದು ಇಟ್ಟೇ ಒಯ್ಯಬೇಕು. ಮನೆಯಲ್ಲಿ ಕೊಡುವಂಥದ್ದು ಆ ದಿನ ಏನಿದೆ? ಚೆನ್ನಾಗಿರುವ ಗಿಡವನ್ನು ಯಾರೂ ಕಿತ್ತು ತರುವುದಿಲ್ಲ. ಬಾಲ್ಕನಿಯ ಮೂಲೆಯಲ್ಲಿ ಯಾಕೋ ಏಳಿಗೆ ಇಲ್ಲದ, ಹೋದರೆ ಹೋಗಲಿ ಅನ್ನುವ ಕುಂಡ ಒಂದಿರುತ್ತದಲ್ಲ, ಅದು ಮೇಜಿಗೆ ಬರುತ್ತದೆ. ಅವರಲ್ಲಿ ಮೋಸ ಇಲ್ಲ, ನಿಯಮ ಪಾಲಿಸಿದ್ದಾರೆ ಅಷ್ಟೇ. ಮೇಜು ತುಂಬಿತು ಅಂದಿರಲ್ಲ, ಯಾವುದರಿಂದ ತುಂಬಿತು ಅಂತ ಒಮ್ಮೆ ನೆನಪಿಸಿಕೊಳ್ಳಿ.

ಗಿಡದ ಲೆಕ್ಕ ಹಾಗೆ ಸರಿಸಮ ಬರುವುದಿಲ್ಲ ರೀ. ಸವರಿದ ದಿನ ಒಬ್ಬರ ಹತ್ತಿರ ಬುಟ್ಟಿ ತುಂಬಾ ಕಡ್ಡಿ ಇರುತ್ತದೆ, ಆಮೇಲೆ ತಿಂಗಳುಗಟ್ಟಲೆ ಏನೂ ಇರುವುದಿಲ್ಲ. ಹೊಸದಾಗಿ ಶುರು ಮಾಡಿದವರ ಹತ್ತಿರವಂತೂ ಮೊದಲ ವರ್ಷ ಕೊಡಲು ಏನಿರುತ್ತದೆ? ಅವರು ಒಯ್ಯಲಿ ಬಿಡಿ. ಲೋಳೆಸರ ಬೆಳೆಸಿದವರು, ದೊಡ್ಡಪತ್ರೆ ಹಾಕಿದವರು ಕೊಡದೆ ಎಲ್ಲಿಗೆ ಹೋಗುತ್ತಾರೆ? ಇನ್ನೊಂದು ಮಳೆಗಾಲ ಕಳೆದರೆ ಸಾಕು, ತೆಗೆದುಕೊಳ್ಳಿ ತೆಗೆದುಕೊಳ್ಳಿ ಅಂತ ಬಾಗಿಲು ಬಡಿಯುತ್ತಾರೆ.

ಹಾಗಾಗಿ ಆ ಬೋರ್ಡು ತೆಗೆದು ಇನ್ನೊಂದು ಹಾಕಿ: 'ಮಣ್ಣು ತರಬೇಡಿ'.

ನಾನು ಹಟ ಹಿಡಿಯುವುದು ಇದೊಂದಕ್ಕೇ. ಕಡ್ಡಿ ಇಡಿ, ಬೀಜ ಇಡಿ, ಗೆಡ್ಡೆ ಇಡಿ, ಮಣ್ಣು ತೊಳೆದ ಮರಿ ಇಡಿ. ಕುಂಡ ಸಮೇತ ಬೇಡ. ಒಂದು ಕಡ್ಡಿಯನ್ನು ಬೆಳಕಿಗೆ ಹಿಡಿದು ಪೂರ್ತಿ ನೋಡಬಹುದು. ಕುಡಿ, ಎಲೆಯ ಅಡಿ, ಎಲೆತೊಟ್ಟು ಕಾಂಡಕ್ಕೆ ಸೇರುವ ಸಂದು, ಅಷ್ಟೇ ಜಾಗ. ಹಿಟ್ಟು ತಿಗಣೆ, ಹೇನು, ಬಿಳಿ ನೊಣದ ಮರಿ ಎಲ್ಲ ಅಡಗುವುದು ಅಲ್ಲೇ. ಕುಂಡದ ಮಣ್ಣಿನೊಳಗೆ ಏನಿದೆ ಅಂತ ಯಾರಿಗೆ ಕಾಣುತ್ತದೆ? ಬೇರಿಗೇ ಹತ್ತುವ ಹಿಟ್ಟು ತಿಗಣೆ ಇದೆ. ಥ್ರಿಪ್ಸ್ ನುಸಿ ಎಲೆ ಮೇಲೆ ಹುಟ್ಟಿ, ಕೋಶವಾಗಲು ಮಣ್ಣಿಗೆ ಇಳಿಯುತ್ತದೆ. ಜೇಕಿನ ಒಂದು ಗೆಡ್ಡೆ, ಕಡಲೆಕಾಳಿನಷ್ಟು, ಒಂದು ಹಿಡಿ ಮಣ್ಣಿನಲ್ಲಿ ಬಂದರೂ ಸಾಕು. ಅದು ನೆಲದೊಳಗೆ ಗೆಡ್ಡೆಗೆ ಗೆಡ್ಡೆ ಪೋಣಿಸಿಕೊಂಡು ಹೋಗುತ್ತದೆ, ಮೇಲಿನ ಹುಲ್ಲು ಕಿತ್ತಷ್ಟೂ ಕೆಳಗೆ ಚಿಗುರುತ್ತದೆ. ಮಡಿಗೆ ಒಮ್ಮೆ ಬಂತೆಂದರೆ ಮನೆಯವರೆಲ್ಲ ಸೇರಿ ಅಗೆದರೂ ಮುಗಿಯುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಬೇರುಗಂಟಿನ ಜಂತುಹುಳು. ಕಣ್ಣಿಗೆ ಕಾಣದ ಹುಳು, ತಾನಾಗಿ ಹೆಚ್ಚು ದೂರ ಹೋಗಲಾರದು. ಅದನ್ನು ಹೊತ್ತು ತಿರುಗುವವರು ನಾವು, ಮಣ್ಣಿನ ಜೊತೆ, ಸಸಿಯ ಜೊತೆ, ತೊಳೆಯದ ಗುದ್ದಲಿಯ ಜೊತೆ. ಬದನೆ, ಟೊಮೆಟೊ, ಬೆಂಡೆಗೆ ಬಹಳ ಬೇಗ ಹತ್ತುತ್ತದೆ. ನೀರು ಗೊಬ್ಬರ ಎಲ್ಲ ಇದ್ದರೂ ಮಧ್ಯಾಹ್ನ ಗಿಡ ಸೊರಗುತ್ತದೆ, ಕಿತ್ತು ನೋಡಿದರೆ ಬೇರೇ ಗಂಟು ಗಂಟಾಗಿ ಊದಿರುತ್ತದೆ. ಹುರುಳಿ, ಅವರೆ ಜಾತಿಯ ಬೇರಿನಲ್ಲೂ ಗಂಟು ಇರುತ್ತವೆ, ಅವನ್ನು ನೋಡಿ ಹೆದರಬೇಡಿ. ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಉಗುರಿನಿಂದ ತಳ್ಳಿದರೆ ಬಿದ್ದುಹೋಗುತ್ತವೆ. ಜಂತುಹುಳುವಿನ ಗಂಟು ಹಾಗೆ ಬಿಡಿಸಿಕೊಳ್ಳುವುದಿಲ್ಲ, ಬೇರೇ ದಪ್ಪವಾಗಿರುತ್ತದೆ.

ಇನ್ನು ಕಡ್ಡಿ ಕೊಡುವುದು ಹೇಗೆ ಅಂತಲೂ ಬೋರ್ಡಿನ ಪಕ್ಕ ಬರೆದು ಅಂಟಿಸಿ, ಇಲ್ಲವಾದರೆ ಎಲೆ ಸಮೇತ ಮಾರುದ್ದದ ರೆಂಬೆ ತಂದಿಡುತ್ತಾರೆ. ದಾಸವಾಳಕ್ಕೆ ತೀರ ಎಳೆಯದೂ ಅಲ್ಲ, ತೀರ ಬಲಿತದ್ದೂ ಅಲ್ಲ, 10ರಿಂದ 15 ಸೆಂಟಿಮೀಟರ್ ಕಡ್ಡಿ ಸಾಕು. ಗಿಣ್ಣಿನ ಕೆಳಗೇ ಕತ್ತರಿಸಬೇಕು, ಹೊಸ ಬೇರು ಸಾಮಾನ್ಯವಾಗಿ ಹೊರಡುವುದು ಆ ಗಿಣ್ಣಿನ ಹತ್ತಿರದಿಂದ. ಮೊಗ್ಗು ಚಿವುಟಿ, ಕೆಳಗಿನ ಎಲೆ ತೆಗೆದು, ಮೇಲಿನ ಎಲೆಯನ್ನು ಅರ್ಧ ಕತ್ತರಿಸಿ. ಬಸಳೆ, ದೊಡ್ಡಪತ್ರೆ, ಪುದೀನಕ್ಕೆ ಇಷ್ಟೆಲ್ಲ ಶಾಸ್ತ್ರ ಬೇಡ, ಚುಚ್ಚಿದರೆ ಬರುತ್ತವೆ. ಮನಿಪ್ಲಾಂಟ್‌ನ ಎಲೆ ಒಂದನ್ನೇ ಕೊಡುವವರಿದ್ದಾರೆ. ಆ ಎಲೆ ನೀರಿನಲ್ಲಿ ಬೇರು ಬಿಟ್ಟೀತು, ತಿಂಗಳುಗಟ್ಟಲೆ ಹಸಿರಾಗಿಯೂ ಇದ್ದೀತು, ಆದರೆ ಗಿಣ್ಣು ಇಲ್ಲದೆ ಬಳ್ಳಿ ಹೊರಡುವುದಿಲ್ಲ. ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ತುಂಡು ನೆಟ್ಟರೆ ಮರಿ ಬರುತ್ತದೆ, ಹಳದಿ ಅಂಚು ಬರುವುದಿಲ್ಲ. ಆ ಅಂಚು ಬೇಕೆಂದರೆ ಬುಡದ ಮರಿಯನ್ನೇ ಕೊಡಬೇಕು. ಲೋಳೆಸರ, ಕಳ್ಳಿ ಜಾತಿಯವನ್ನು ಕತ್ತರಿಸಿದ ಮೇಲೆ ಗಾಯ ಒಣಗಲು ನೆರಳಲ್ಲಿ ಬಿಟ್ಟು ಆಮೇಲೆ ಮೇಜಿಗೆ ತನ್ನಿ.

ಮಲ್ಲಿಗೆ ಬೇಕು ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಒಂದು ಬಳ್ಳಿಯನ್ನು ನೆಲಕ್ಕೆ ಬಗ್ಗಿಸಿ, ಗಿಣ್ಣಿನ ಹತ್ತಿರ ಸಣ್ಣಗೆ ಗಾಯ ಮಾಡಿ, ಮಣ್ಣು ಮುಚ್ಚಿ ಮೇಲೊಂದು ಕಲ್ಲು ಹೇರಿ. ಬೇರು ಬಂದ ಮೇಲೆ ಕತ್ತರಿಸಿ ಕೊಡಿ. ಅವಸರದವರಿಗೆ ಇದು ಆಗಿಬರುವುದಿಲ್ಲ.

ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ. ತಂಬಾಕು ಮುಟ್ಟುವವರು ಟೊಮೆಟೊ, ಮೆಣಸಿನ ಸಸಿ ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯಲಿ. ಟೊಬ್ಯಾಕೊ ಮೊಸಾಯಿಕ್ ವೈರಸ್ ಕೈಯಲ್ಲೇ ಹೋಗುತ್ತದೆ, ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಬದುಕಿರುತ್ತದೆ.

ಹೆಸರಿನ ಚೀಟಿ ಇಲ್ಲದ್ದನ್ನು ಮೇಜಿನ ಮೇಲೆ ಇಡಲೇಬೇಡಿ. ಗಿಡದ ಹೆಸರು, ಬಿಸಿಲೋ ನೆರಳೋ, ತಾರೀಖು, ಮನೆ ನಂಬರ್. ಕಣಗಿಲೆ, ಡೈಫನ್‌ಬೇಕಿಯಾ ಥರದ್ದಾದರೆ 'ವಿಷ' ಅಂತ ದೊಡ್ಡದಾಗಿ. ಪ್ಲಾಸ್ಟಿಕ್ ಡಬ್ಬಿಯ ಪಟ್ಟಿ ಕತ್ತರಿಸಿ ಪೆನ್ಸಿಲ್ಲಿನಲ್ಲಿ ಬರೆಯಿರಿ. ಮಾರ್ಕರ್ ಬಿಸಿಲಿಗೆ ಮಾಸುತ್ತದೆ, ಪೆನ್ಸಿಲ್ ಉಳಿಯುತ್ತದೆ. ಮನೆ ನಂಬರ್ ಇದ್ದರೆ ಸಾಕು, ವಿಚಾರಣೆಯೇ ಬೇಕಾಗುವುದಿಲ್ಲ. ಗಿಡದಲ್ಲಿ ಏನಾದರೂ ಕಂಡರೆ ಹೋಗಿ 'ನಿಮ್ಮ ಮನೆ ಗಿಡಕ್ಕೂ ಬಂದಿದೆಯಾ ನೋಡಿ' ಅಂತ ಹೇಳಬಹುದು.

ಚೀಟಿ ಇಲ್ಲದಿದ್ದರೆ ಎಲ್ಲಿಯವರೆಗೂ ಹೋಗಬಹುದು ಅನ್ನುವುದಕ್ಕೆ ಒಂದು ಗಿಡದ ಕಥೆ ಇದೆ. ಪೀಲಿಯಾ ಪೆಪರೊಮಿಯಾಯ್ಡಿಸ್ ಅಂತ, ನಾಣ್ಯದಂಥ ದುಂಡಗಿನ ಎಲೆ. ಚೀನಾದ ಯುನಾನ್‌ನಲ್ಲಿ ಜಾರ್ಜ್ ಫಾರೆಸ್ಟ್ 1906ರಲ್ಲಿ ಇದರ ಮಾದರಿ ಸಂಗ್ರಹಿಸಿದ್ದ, 1912ರಲ್ಲಿ ಸಸ್ಯಶಾಸ್ತ್ರದ ಹೆಸರೂ ಬಿತ್ತು. 1940ರ ದಶಕದಲ್ಲಿ ಆಗ್ನರ್ ಎಸ್ಪೆಗ್ರೆನ್ ಎಂಬ ನಾರ್ವೆಯ ಮಿಷನರಿ ಅದೇ ಕಡೆಯಿಂದ ಒಂದು ಗಿಡವನ್ನು ಊರಿಗೆ ಒಯ್ದ. ಬುಡದಲ್ಲಿ ಎದ್ದ ಮರಿಗಳನ್ನು ಸ್ನೇಹಿತರಿಗೆ ಕೊಟ್ಟ, ಅವರು ಇನ್ಯಾರಿಗೋ ಕೊಟ್ಟರು. ಹೀಗೆ ಕಿಟಕಿಯಿಂದ ಕಿಟಕಿಗೆ ಹೋಗಿ, ಮುಂದೆ ಬ್ರಿಟನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಜನ 'ಇದೇನು ಗಿಡ' ಅಂತ ಎಲೆ ಕಳಿಸತೊಡಗಿದರು. ಹೂವಿಲ್ಲದೆ ಬರೀ ಎಲೆ ನೋಡಿ ಹೇಳುವುದು ಅಲ್ಲಿನವರಿಗೂ ಸುಲಭವಾಗಲಿಲ್ಲ. ಮೇಜುಗಿಂತ ದೊಡ್ಡ ವ್ಯವಸ್ಥೆ ಏನೂ ಇಲ್ಲದೆ ಒಂದು ಗಿಡ ದೇಶ ದೇಶ ಸುತ್ತಿದ್ದು ನನಗೆ ಖುಷಿಯ ವಿಷಯವೇ. ಆದರೂ ಚೀಟಿ ಇಡಿ.

ಬೇರೆ ಇಡುವ ಅವಧಿ ಕೇಳಿದಿರಿ. ಮೂರು ವಾರ. ಕಂಡ ಹುಳುವನ್ನು ಇವತ್ತೇ ಒರೆಸಬಹುದು, ಕಾಣದ ಮೊಟ್ಟೆ ಒಡೆದು ಮರಿ ಕಣ್ಣಿಗೆ ಬೀಳುವಷ್ಟು ಬೆಳೆಯಲು ಸಮಯ ಬೇಕು.

ಬೀಜದ ಡಬ್ಬಿ:

ಹಳೇ ಕುಂಡ ಅವರ ಮಾತು ಒಪ್ಪುತ್ತೇನೆ. ಆದರೆ ಬೀಜವನ್ನು ಒಂದೇ ಪದದಲ್ಲಿ ಮುಗಿಸಿಬಿಟ್ಟರು! ಬೀಜಕ್ಕೆ ಅದರದ್ದೇ ತರಲೆಗಳಿವೆ.

ಹಿಟ್ಟು ತಿಗಣೆ ಬೀಜದಲ್ಲಿ ಬರುವುದಿಲ್ಲ, ನಿಜ. ರೋಗವೇ ಬರುವುದಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಮೇಲೆ ಹೇಳಿದ ಮೊಸಾಯಿಕ್ ವೈರಸ್ ಟೊಮೆಟೊ ಬೀಜದ ಸಿಪ್ಪೆಯ ಮೇಲೂ ಇರುತ್ತದೆ. ಎಲೆ ಮುರುಟಿದ, ಮಚ್ಚೆ ಬಂದ ಗಿಡದ ಹಣ್ಣಿನಿಂದ ಬೀಜ ತೆಗೆಯಬೇಡಿ.

ಯಾವ ಬೀಜ ಕೊಟ್ಟರೆ ತಾಯಿಗಿಡದ ಹಾಗೆಯೇ ಬರುತ್ತದೆ? ಟೊಮೆಟೊ, ಬೀನ್ಸ್ ಹೆಚ್ಚಾಗಿ ತಮ್ಮ ಹೂವಿನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತವೆ, ಧೈರ್ಯವಾಗಿ ಕೊಡಿ. ಮೆಣಸು, ಬೆಂಡೆಯಲ್ಲಿ ಜೇನುಹುಳುಗಳ ಕೈವಾಡ ಇರುತ್ತದೆ. ಪಕ್ಕದ ಮಡಿಯಲ್ಲಿ ಖಾರದ ಮೆಣಸು ಇದ್ದರೆ ನಿಮ್ಮ ದಪ್ಪ ಮೆಣಸಿನ ಬೀಜದಿಂದ ಮುಂದೆ ಏನು ಹುಟ್ಟುತ್ತದೆ ಹೇಳಲಾಗುವುದಿಲ್ಲ. ಪ್ಯಾಕೆಟ್ ಮೇಲೆ ಎಫ್-1 ಹೈಬ್ರಿಡ್ (ಎರಡು ಬೇರೆ ತಳಿ ಬೆರೆಸಿ ಮಾಡಿದ ಮೊದಲ ಪೀಳಿಗೆ) ಅಂತ ಇದ್ದ ಗಿಡದ ಬೀಜವನ್ನು ಹಂಚಲೇಬೇಡಿ, ಮೊಳೆಯುತ್ತದೆ ಆದರೆ ಒಂದೊಂದು ಒಂದೊಂದು ಥರ.

ಸೋರೆ, ಕುಂಬಳ, ಸೌತೆಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳುತ್ತೇನೆ. ಇವುಗಳಲ್ಲಿ ಗಂಡು ಹೂವು ಹೆಣ್ಣು ಹೂವು ಬೇರೆ ಬೇರೆ, ಹುಳುಗಳು ಪರಾಗ ಎಲ್ಲಿಂದ ಎಲ್ಲಿಗೋ ಒಯ್ಯುತ್ತವೆ. ಪಕ್ಕದಲ್ಲಿ ಕಹಿ ಸೋರೆ ಇದ್ದರೆ ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ಕಾಯಿಯ ತಿರುಳು ತಾಯಿಗಿಡದ್ದೇ. ಆದರೆ ಒಳಗಿನ ಬೀಜಕ್ಕೆ ಬೆರಕೆ ಬಿದ್ದಿರುತ್ತದೆ, ಅದನ್ನು ನೆಟ್ಟವರ ಮನೆಯಲ್ಲಿ ಕಹಿ ಕಾಯಿ ಬಿಡುತ್ತದೆ. ಆ ಕಹಿ ಕುಕುರ್ಬಿಟಾಸಿನ್ ಅನ್ನುವ ವಿಷ, ಬೇಯಿಸಿದರೂ ಹೋಗುವುದಿಲ್ಲ. ಮೇಜಿನಿಂದ ಬಂದ ಬೀಜದ ಸೋರೆಯನ್ನು ಹೆಚ್ಚುವ ಮೊದಲು ಒಂದು ಚೂರು ನಾಲಗೆಗೆ ಮುಟ್ಟಿಸಿ ನೋಡಿ. ಕಹಿಯಾದರೆ ಉಗುಳಿ, ಬಾಯಿ ತೊಳೆದು, ಕಾಯಿ ಬಿಸಾಕಿ. ಸ್ವಲ್ಪ ಕಹಿ ತಾನೇ ಅಂತ ಯಾರೂ ಧೈರ್ಯ ಮಾಡಬಾರದು.

ಬೀಜಕ್ಕೇ ಅಂತ ಒಂದು ಕಾಯಿ ಉಳಿಸುವುದಾದರೆ, ಅರಳುವ ಮೊದಲೇ ಒಂದು ಹೆಣ್ಣು ಮೊಗ್ಗು, ಒಂದು ಗಂಡು ಮೊಗ್ಗಿನ ತುದಿಗೆ ದಾರ ಕಟ್ಟಿ. ಕುಂಬಳ ಬೆಳಗಿನ ಜಾವ ಅರಳುತ್ತದೆ, ಸೋರೆಯ ಬಿಳಿ ಹೂವು ಸಂಜೆ. ಆ ಹೊತ್ತಿಗೆ ಬಿಚ್ಚಿ, ಗಂಡು ಹೂವಿನ ಪರಾಗವನ್ನು ಹೆಣ್ಣಿಗೆ ತಾಗಿಸಿ ಮತ್ತೆ ಕಟ್ಟಿಬಿಡಿ. ತೊಟ್ಟಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ, ಇಲ್ಲದಿದ್ದರೆ ಯಾರಾದರೂ ಕೊಯ್ದುಕೊಂಡು ಹೋಗುತ್ತಾರೆ.

ಒಣಗಿಸಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಬಿಗಿ ಮುಚ್ಚಳದ ಬಾಟಲಿಯಲ್ಲಿ ಇಡಿ, ಒಳಗೆ ಸಿಲಿಕಾ ಜೆಲ್ ಚೀಲ ಒಂದಿರಲಿ. ಫ್ರಿಜ್ಜಿನಿಂದ ತೆಗೆದ ತಕ್ಷಣ ಮುಚ್ಚಳ ತೆಗೆಯಬೇಡಿ, ತಣ್ಣಗಿನ ಬೀಜದ ಮೇಲೆ ಗಾಳಿಯ ತೇವ ಕೂರುತ್ತದೆ. ಈರುಳ್ಳಿ ಬೀಜ ಬೇಗ ಸಾಯುತ್ತದೆ, ಟೊಮೆಟೊ ನಾಲ್ಕೈದು ವರ್ಷ ಬಾಳುತ್ತದೆ. ಅನುಮಾನ ಇದ್ದರೆ 10 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 7 ಮೊಳೆತರೆ ಹಂಚಿ, 2 ಮೊಳೆತರೆ ಯಾರಿಗೂ ಕೊಡಬೇಡಿ.

ಮೂಲೆ ಮನೆ:

ಬೋರ್ಡು ತೆಗೆಯಿರಿ ಅನ್ನುವುದು ಹೇಳಲು ಚೆಂದ. ನಮ್ಮಲ್ಲಿ ಒಬ್ಬರು ಮೇಜಿನಿಂದ ಒಯ್ದದ್ದನ್ನೆಲ್ಲ ಕುಂಡಕ್ಕೆ ಹಾಕಿ ಮಾರುತ್ತಿದ್ದರು. ಗೊತ್ತಾದ ಮೇಲೆ ಕೊಡುವವರೂ ಕೊಡುವುದು ಬಿಟ್ಟರು. ಲೆಕ್ಕ ಬೇಡ ಅಂದರೆ ಒಳ್ಳೆಯವರಿಗೇ ನಷ್ಟ. ನಿಯಮ ಇರಲಿ, ಜೊತೆಗೆ ಪರೀಕ್ಷೆ ಮಾಡಲು ಒಬ್ಬರನ್ನು ಕೂರಿಸಿ ಅಂತ ನನ್ನ ಅಭಿಪ್ರಾಯ.

ಗೋಡೆಪಕ್ಕದ ಮಡಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೋರ್ಡಿನ ಮಾತು ಓದಿ ನಗುವೂ ಬಂತು. ಮೇಜಿನ ಮೇಲೆ ಇದ್ದದ್ದನ್ನು ನೆನಪಿಸಿಕೊಂಡೆ, ನಿಜಕ್ಕೂ ಅರ್ಧ ಆಸ್ಪತ್ರೆಗೆ ಸೇರಬೇಕಾದ ಗಿಡಗಳೇ. ಈ ಪುಟವನ್ನು ಪ್ರಿಂಟ್ ತೆಗೆದು ಮೆಟ್ಟಿಲ ಹತ್ತಿರ ಅಂಟಿಸುತ್ತೇನೆ.

ಇನ್ನು ಎರಡು ಅನುಮಾನ. ನಮ್ಮಲ್ಲಿ ಜಾಸ್ತಿ ಬೇಡಿಕೆ ಇರುವುದು ಕರಿಬೇವಿಗೆ. ಮೂರನೇ ಮಹಡಿ ಆಂಟಿಯವರ ಮರದ ಸುತ್ತ ಮರಿಗಳು ಎದ್ದಿವೆ. ಕಡ್ಡಿ ಚುಚ್ಚಿದವರಿಗೆ ಒಂದೂ ಬಂದಿಲ್ಲ. ಮಣ್ಣು ಬೇಡ ಅಂದರೆ ಈ ಮರಿಗಳನ್ನು ಕೊಡುವುದು ಹೇಗೆ?

ಎರಡನೆಯದು, ತಿಗಣೆ ಹತ್ತಿದ ರೆಂಬೆಗಳನ್ನು ಯಾರೋ ಆಗಲೇ ಕತ್ತರಿಸಿ ನಮ್ಮ ಗೊಬ್ಬರದ ಗುಂಡಿಗೆ ಹಾಕಿದ್ದಾರೆ. ಕೊಳೆತು ಗೊಬ್ಬರ ಆದರೆ ಸರಿಹೋಗುತ್ತದೆ ಅಲ್ವಾ?

ಹಳೇ ಕುಂಡ:

ಮೂಲೆ ಮನೆಯವರೇ, ಒಬ್ಬ ಮಾರುವವನಿಗಾಗಿ ಉಳಿದವರೆಲ್ಲ ಲೆಕ್ಕ ಒಪ್ಪಿಸಬೇಕಾ? ಒಂದು ಸಲಕ್ಕೆ ಮನೆಗೆ ಎರಡೇ ಅಂತ ಮಿತಿ ಹಾಕಿ ಸಾಕು. ಬೇರಿಲ್ಲದ ಕಡ್ಡಿ ಮಾರಬೇಕೆಂದರೆ ಅವನೇ ವಾರಗಟ್ಟಲೆ ಸಾಕಬೇಕು. ಅಷ್ಟು ಶ್ರಮ ಪಡುವುದಾದರೆ ಮಾರಲಿ. ಪರೀಕ್ಷೆಗೆ ಒಬ್ಬರನ್ನು ಕೂರಿಸುವುದು ಒಳ್ಳೆಯದೇ, ಆ ಮೂರನೇ ಮಹಡಿಯ ಆಂಟಿಯನ್ನೇ ಕೇಳಿ. ಕೈಯಲ್ಲಿ ಒಂದು ಭೂತಗನ್ನಡಿ ಕೊಡಿ. ಅನುಮಾನದಿಂದ ನೋಡುತ್ತಿದ್ದವರು ತಮ್ಮ ಕಡ್ಡಿಯನ್ನು ಅವರಿಗೇ ತೋರಿಸಿ ಇಡಲಿ.

ಕರಿಬೇವಿನ ಮರಿ ತಾಯಿಬೇರಿನಿಂದ ಎದ್ದಿರುತ್ತದೆ, ಅದಕ್ಕೆ ತನ್ನದೇ ಬೇರು ಕಡಿಮೆ. ಕಿತ್ತ ಕೂಡಲೇ ಕೊಟ್ಟರೆ ಒಣಗುವುದು ಅದಕ್ಕೇ. ಮೊದಲು ತಾಯಿಮರ ಮತ್ತು ಮರಿಯ ನಡುವೆ ಗುದ್ದಲಿ ಇಳಿಸಿ ಆ ಬೇರನ್ನು ಕತ್ತರಿಸಿ, ಮರಿಯನ್ನು ಇದ್ದಲ್ಲೇ ಬಿಡಿ. ಕೆಲವು ವಾರದಲ್ಲಿ ಅದು ಸ್ವಂತ ಬೇರು ಹಿಡಿಯುತ್ತದೆ. ಹೊಸ ಚಿಗುರು ಕಂಡ ಮೇಲೆ ಒಂದು ಸಂಜೆ ಅಗಲವಾಗಿ ಅಗೆದು ಎಬ್ಬಿಸಿ, ಬಕೆಟ್ ನೀರಿನಲ್ಲಿ ಅಲುಗಿಸಿ ಮಣ್ಣು ಬಿಡಿಸಿ. ಉಜ್ಜಬೇಡಿ, ಎಳೆ ಬೇರು ಹೋಗುತ್ತವೆ. ಬೇರಿನಲ್ಲಿ ಗಂಟು ಕಂಡರೆ ಆ ಮರಿ ಮೇಜಿಗೆ ಬೇಡ, ತೊಳೆದರೆ ಮಣ್ಣು ಹೋಗುತ್ತದೆಯೇ ಹೊರತು ಬೇರಿನೊಳಗಿನ ಜಂತುಹುಳು ಹೋಗುವುದಿಲ್ಲ. ಚೆನ್ನಾಗಿದ್ದರೆ ಎಲೆ ಮುಕ್ಕಾಲು ಪಾಲು ತೆಗೆದು, ಒದ್ದೆ ಪೇಪರಿನಲ್ಲಿ ಬೇರು ಸುತ್ತಿ. ಇದನ್ನು ಮೇಜಿನ ಮೇಲೆ ಇಟ್ಟು ಹೋಗಬೇಡಿ, ಯಾರಿಗೆ ಬೇಕೋ ಅವರನ್ನು ಕರೆದು ಕೈಗೇ ಕೊಡಿ. ಅವತ್ತೇ ನೆಡಲಿ, ಚಿಗುರುವವರೆಗೆ ನೆರಳಲ್ಲಿ ಇರಲಿ. ಬೀಜದಿಂದ ಮಾಡುವುದಾದರೆ ಕಪ್ಪಾದ ಹಣ್ಣನ್ನು ತೊಳೆದು ತಿರುಳು ತೆಗೆದು ತಕ್ಷಣ ಬಿತ್ತಬೇಕು, ಒಣಗಿಸಿ ಡಬ್ಬಿಯಲ್ಲಿಟ್ಟರೆ ಹುಟ್ಟುವುದಿಲ್ಲ.

ಯಾರ ಮಡಿಯಲ್ಲಾದರೂ ನಿಂಬೆ, ಕಿತ್ತಳೆ ಜಾತಿ ಇದ್ದರೆ ಕರಿಬೇವಿನ ಕುಡಿಗಳನ್ನು ಇನ್ನೂ ಜಾಗ್ರತೆಯಿಂದ ನೋಡಿ. ಹಿಂಭಾಗ ಮೇಲಕ್ಕೆತ್ತಿ ಓರೆಯಾಗಿ ಕೂರುವ ಸಣ್ಣ ಕಂದು ಕೀಟ ಕಂಡರೆ ಅದು ಸಿಲ್ಲಿಡ್. ನಿಂಬೆ ಜಾತಿಗೆ ಬರುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವುದು ಅದೇ. ಆ ರೋಗಕ್ಕೆ ಮದ್ದಿಲ್ಲ. ಅಂಥ ಮರದ ಮರಿಯನ್ನು ನಿಂಬೆ ಇರುವ ಮನೆಗೆ ಕೊಡಬೇಡಿ.

ಗೊಬ್ಬರದ ಗುಂಡಿಯದ್ದು ಸರಿಹೋಗುವುದಿಲ್ಲ. ಗುಡ್ಡೆಯ ಒಳಗೆ 55 ಡಿಗ್ರಿ ಸೆಲ್ಸಿಯಸ್ ಬಿಸಿ ಕನಿಷ್ಠ ಮೂರು ದಿನ ನಿಂತು, ಅಂಚಿನದ್ದು ಮಧ್ಯಕ್ಕೆ ಬರುವ ಹಾಗೆ ತಿರುವಿ ಹಾಕಿದರೆ ಇಂಥವು ಸಾಯುತ್ತವೆ. ದಿನಕ್ಕೊಂದಿಷ್ಟು ಕಸ ಬೀಳುವ ಸಣ್ಣ ಗುಂಡಿ ಅಷ್ಟು ಬಿಸಿಯೇರುವುದಿಲ್ಲ. ರೆಂಬೆ ಇನ್ನೂ ಹಸಿಯಿದ್ದರೆ ಇವತ್ತೇ ತೆಗೆಸಿ. ಎಲೆ ಉದುರುವ ಮುಂಚೆ ಇಡೀ ರೆಂಬೆಯನ್ನು ಕವರಿಗೆ ಇಳಿಸಿ, ಅಲ್ಲೇ ಬಾಯಿ ಕಟ್ಟಿ. ಗುಂಡಿಯ ಹತ್ತಿರ ಇರುವ ಮಡಿ ಯಾರದ್ದೋ ಅವರಿಗೂ ಹೇಳಿಬಿಡಿ, ಮುಂದಿನ ವಾರಗಳಲ್ಲಿ ಎಲೆಯ ಅಡಿ ನೋಡುತ್ತಿರಲಿ.